ಆರು

ವಿಶ್ವವಿದ್ಯಾಲಯದ ಹುಡುಗಿ ಹೇಳಿದ್ದು ಇಷ್ಟು:
ಮಂಗಳನ ಆಚೆ, ಗುರುವಿಗೆ ಇನ್ನೂ ಈಚೆ,
ಕಲ್ಲುಗಳು ಸುತ್ತುವ ಪಟ್ಟಿಯ ಹೊರ ಅಂಚಿನಲ್ಲಿ
ಒಂದು ಬಂಡೆ. ಹೆಸರಿಲ್ಲ, ನಂಬರಿದೆ.
ಮೈತುಂಬ ಇಂಗಾಲ.
ಸೂರ್ಯ ನೂರು ಕೊಟ್ಟರೆ ನಾಲ್ಕನ್ನು ಹಿಂದಿರುಗಿಸಿ
ತೊಂಬತ್ತಾರು ನುಂಗಿಕೊಳ್ಳುತ್ತದೆ.

"ಕಂಪನಿ ಅಂಗಡಿ," ಅಂದ ಅಪ್ಪ, ಕೆಮ್ಮಿನ ನಡುವೆ.
ಅವನಪ್ಪನಿಗೆ ಸಂಬಳ ಬಿಲ್ಲೆಯಲ್ಲಿ ಬರುತ್ತಿತ್ತು,
ಬಿಲ್ಲೆ ನಡೆಯುತ್ತಿದ್ದದ್ದು ಅದೊಂದೇ ಅಂಗಡಿಯಲ್ಲಿ.

ಜುಲೈ. ಲೋತಾದ ಚಳಿಗೆ ಉಪ್ಪಿನ ರುಚಿ.
ಚಿಲಿಯ ಈ ಕರಾವಳಿಯುದ್ದಕ್ಕೂ ಹದಿನಾಲ್ಕು ದೂರದರ್ಶಕ:
ಒಂದು ಶಾಲೆಯಂಗಳದಲ್ಲಿ, ಒಂದು ಪೆಟ್ರೋಲ್ ಬಂಕಿನ ಹಿಂದೆ,
ಇನ್ನೊಂದು, ಪಾದ್ರಿಯನ್ನು ಕೇಳದೆಯೇ, ಸ್ಮಶಾನದ ಗೋಡೆಯ ಮೇಲೆ.
ಒಂಬತ್ತನೆಯದು ನಮ್ಮ ಪಾಲು,
ಗಣಿಯವರ ಸಾಲುಮನೆಗಳ ನಡುವೆ
ಎಲ್ಲರೂ ಬ್ರೆಡ್ಡು ಸುಡುವ ಮಣ್ಣೊಲೆಯ ಪಕ್ಕ.
ಒಲೆ ಇನ್ನೂ ಬೆಚ್ಚಗಿತ್ತು. ನಾನು ಬೆನ್ನು ಕೊಟ್ಟು ಕೂತೆ.

"ಬಂಡೆ ಕಾಣುವುದಿಲ್ಲ," ಅಂದಳು ಮಕರೇನಾ,
"ಒಂದು ನಕ್ಷತ್ರದ ಮುಂದೆ ಹಾಯುತ್ತದೆ, ಆಗ ನಕ್ಷತ್ರ ಆರುತ್ತದೆ.
ಎಷ್ಟು ಹೊತ್ತು ಆರಿತ್ತೋ ಅದರ ಮೇಲೆ ಬಂಡೆಯ ಅಗಲ."

ಅಪ್ಪನಿಗೆ ನಗು. "ನನಗೆ ಹೇಳಿಕೊಡ್ತೀಯಾ?
ಕಡಲಿನಡಿಯ ಸುರಂಗದಲ್ಲಿ ಗೋಡೆ ಕಂಡವರು ಯಾರು, ತಾಯಿ?
ಮುಂದೆ ಹೋಗುವವನ ಹಣೆದೀಪ ಮಾಯವಾದರೆ
ಅಲ್ಲೊಂದು ಗೋಡೆ ಇದೆ ಅಂತ ಗೊತ್ತಾಗೋದು.
ಎಣಿಸಬೇಕು. ಆರರೊಳಗೆ ದೀಪ ಮತ್ತೆ ಕಂಡರೆ ಅದು ಬರೀ ತಿರುವು.
ಕಾಣದಿದ್ದರೆ"
ಕಾಣದಿದ್ದರೆ ಏನೆಂದು ಅವನು ಹೇಳಲಿಲ್ಲ.
ರೊಸೆಂದೊ ಚಿಕ್ಕಪ್ಪನ ಫೋಟೋ ನಮ್ಮ ಅಡಿಗೆಮನೆಯಲ್ಲಿದೆ,
ಉಪ್ಪಿನ ಡಬ್ಬಿಗಿಂತ ಸ್ವಲ್ಪ ಮೇಲೆ;
ಉಪ್ಪು ತೆಗೆಯುವಾಗಲೆಲ್ಲ ಅವನ ಗದ್ದಕ್ಕೆ ನನ್ನ ಕೈ ತಾಗುತ್ತದೆ.

ಮೂರು ಗಂಟೆ ಹದಿನೇಳು ನಿಮಿಷ.
ಕ್ಯಾಮೆರಾ ತನ್ನ ಪಾಡಿಗೆ ಬರೆದುಕೊಳ್ಳುತ್ತಿತ್ತು.
ಚಿಕ್ಕ ದೂರದರ್ಶಕಕ್ಕೆ ಟೋಪಿ ಹಿಂದುಮುಂದು ಮಾಡಿ
ಕಣ್ಣಿಟ್ಟವನು ಅಪ್ಪ.

"ಆರಿತು."

ಒಂದು. ಎರಡು. ಮೂರು.
ನಾಲ್ಕಕ್ಕೆ ಉಸಿರು ಸಿಕ್ಕಿಕೊಂಡಿತು,
ಎದೆಯೊಳಗಿನ ಪುಡಿ ಗರಗರ ಸರಿಯುವ ಸದ್ದು.
ಐದು ಕೇಳಿಸಲೇ ಇಲ್ಲ, ತುಟಿ ಮಾತ್ರ ಆಡಿತು.
ಬೀದಿಯ ನಾಯಿ ಕೂಡ ಎದ್ದು ನಿಂತಿತ್ತು, ಯಾಕೋ.
ಆರು.

"ಬಂದ," ಅಂದ ಅಪ್ಪ.

ಬಂತು ಅನ್ನಲಿಲ್ಲ.
ಮಕರೇನಾ ನನ್ನ ಮುಖ ನೋಡಿದಳು, ನಾನು ಒಲೆಯ ಬಾಯಿ ನೋಡಿದೆ.

ನೆರಳು ಕಾರ್ದಿಲ್ಯೇರಾದಿಂದ ಇಳಿದು ಬಂದಿತ್ತಂತೆ,
ನಮ್ಮ ಮೇಲೆ, ತುಕ್ಕು ಹಿಡಿದ ರಾಟೆಗೋಪುರದ ಮೇಲೆ ಹಾದು
ಕಡಲಿಗೆ ಹೋಯಿತಂತೆ. ಯಾರಿಗೂ ತಾಗಲಿಲ್ಲ.
ಕಡಲಿನಡಿಯಲ್ಲಿ ನೀರು ತುಂಬಿ ನಿಂತ ಸುರಂಗಗಳಿವೆ,
ಅವುಗಳ ಮೇಲೂ ಹಾದಿರಬೇಕು.
ಯಂತ್ರ ಕೊಟ್ಟ ಲೆಕ್ಕ: ಐದು ಪಾಯಿಂಟ್ ಏಳು ನಾಲ್ಕು ಸೆಕೆಂಡು.
"ಆರು ಅಂತ ಬರಿ," ಅಪ್ಪನ ಹಟ.
ಅವಳು ಬರೆಯಲಿಲ್ಲ.
"ಹಾಗಾದರೆ ಉಳಿದ ಕಾಲು ಸೆಕೆಂಡು ಕಂಪನಿ ಅಂಗಡಿಯಲ್ಲಿದೆ."

ಲೇಬೂವಿನಿಂದ ಹದಿನಾಲ್ಕನೆಯ ಹುಡುಗ ಫೋನು ಮಾಡಿದ,
ಅಳುವ ದನಿ: ಅವನ ನಕ್ಷತ್ರ ಮಿಟುಕಲೇ ಇಲ್ಲ.
"ಅದೂ ಅಳತೆಯೇ ಕಣೋ," ಅಂದಳು ಇವಳು,
"ಬಂಡೆ ನಿನಗಿಂತ ಮೊದಲೇ ಮುಗಿಯಿತು ಅಂತ ಗೊತ್ತಾಯಿತಲ್ಲ."

ಬೆಳಗ್ಗೆ ಬ್ರೆಡ್ಡಿನ ಕಾಗದದ ಮೇಲೆ
ಒಬ್ಬೊಬ್ಬರ ಕತ್ತಲನ್ನೂ ಒಂದೊಂದು ಗೆರೆ ಮಾಡಿ
ಒಂದರ ಕೆಳಗೊಂದು ಎಳೆದಳು.
ಗೆರೆಗಳ ತುದಿ ಸೇರಿಸಿದರೆ ಆಕಾರ:
ದುಂಡಗಿಲ್ಲ, ಆಲೂಗಡ್ಡೆಯಂಥ ತೊಂಬತ್ತು ಕಿಲೋಮೀಟರು,
ನಮ್ಮ ಗೆರೆಯ ಹತ್ತಿರ ಮಾತ್ರ ಒಳಕ್ಕೆ ಕಚ್ಚಿದ ಹಾಗೆ.

ಅಪ್ಪ ಅಲ್ಲಿ ಹೆಬ್ಬೆರಳಿಟ್ಟ.
ಗಾಯದೊಳಗೆ ಕಲ್ಲಿದ್ದಲು ಉಳಿದು
ನೀಲಿಯಾದ ಗೀರು ಆ ಬೆರಳಿನ ಮೇಲಿದೆ, ನನಗಿಂತ ಹಿರಿಯದು.
ಬಹಳ ಹೊತ್ತು ತೆಗೆಯಲಿಲ್ಲ.

"ಇಲ್ಲಿ ಯಾರೋ ಅಗೆದಿದ್ದಾರೆ," ಅಂದ.