ಇಪ್ಪತ್ತನಾಲ್ಕು ಕುಳಿ, ಒಂದು ತಪ್ಪು

ಬೇಳದ ಲಾದ್ರು ಕ್ರಾಸ್ತಾ ಬಂದವನೇ
ಖಾಲಿ ತೋಟೆಯೊಂದನ್ನು ಜೇಬಿನಿಂದ ತೆಗೆದು
ನನ್ನ ಕೀಸುಳಿಯ ಪಕ್ಕ ನಿಲ್ಲಿಸಿದ.
‘ಹೀಗೆ ನಿಲ್ಲಬೇಕು ಪುರುಷಣ್ಣ, ಸಾಲಿಗೆ ಐದು, ಐದು ಸಾಲು.
ಮದ್ದು ತುಂಬುವಾಗ ಕೈ ತಾಗಿದರೂ ಒಂದೂ ಮಗುಚಬಾರದು.’
ಕೋವಿಗೆ ಲೈಸನ್ಸು ಉಂಟು, ಪಂಚಾಯತಿನ ಚೀಟಿಯೂ ಉಂಟು.
ಎಣ್ಮಕಜೆಯ ಹಂದಿಗಳಿಗೆ ಎರಡೂ ಓದಲಿಕ್ಕೆ ಬರುವುದಿಲ್ಲ,
ಅಷ್ಟೇ ತೊಂದರೆ.

ತೊಟ್ಟಿಲು ಮಾಡಿದವ ನಾನು, ಅವನಪ್ಪನ ಪೆಟ್ಟಿಗೆಯನ್ನೂ.
ಇಂಥದ್ದು ಮಾಡಿರಲಿಲ್ಲ.
ಅಟ್ಟದಲ್ಲಿ ಕಾಸರಕದ ತುಂಡೊಂದು ಬಿದ್ದಿತ್ತು,
ಗೆದ್ದಲು ಮೂಸಿ ಬಿಟ್ಟದ್ದು.
ಊರಿಗೇ ಹೆಸರು ಕೊಟ್ಟ ಮರವಂತೆ;
ಯಾರೂ ಬಾಗಿಲಿಗೆ ಇಡುವುದಿಲ್ಲ.

ಬೈರಿಗೆ ತಿರುಗಿದ ಹಾಗೆ ಹಳದಿ ಪುಡಿ ಎದ್ದು
ಮೀಸೆಗೆ, ತುಟಿಗೆ, ನಾಲಗೆಗೆ.
ಬೆಲ್ಲ ನೆಕ್ಕಿದರೂ ಹೋಗದ ಕಹಿ.
ಹತ್ತನೆಯ ಕುಳಿಗೆ ಕೈ ಪಳಗಿತು,
ಇಪ್ಪತ್ತಕ್ಕೆ ಸೊಕ್ಕಿತು,
ಕೊನೆಯದು ಸಣ್ಣದಾಯಿತು.

ನಡುವೆ ಮಗಳ ಮಗಳು ಬಂದು
ಒಂದೊಂದು ಕುಳಿಗೆ ನಾಲ್ಕು ನಾಲ್ಕು ಮಂಜೊಟ್ಟಿ ಹಾಕಿ
‘ಅಜ್ಜ, ಈ ಚೆನ್ನೆಮಣೆಗೆ ನಿನ್ನ ಕಡೆ ಯಾವುದು, ನನ್ನ ಕಡೆ ಯಾವುದು?’
ನನಗೆ ಗೊತ್ತಾಗಲಿಲ್ಲ.
ಕಾಳುಗಳನ್ನು ಎತ್ತಿ ಅವಳ ಲಂಗಕ್ಕೆ ಸುರಿದೆ.
ಒಂದು ಎಲ್ಲೋ ಉಳಿದಿರಬೇಕು.

ಲಾದ್ರು ಮತ್ತೂ ಕೇಳಿದ:
ಮದ್ದಿಗೊಂದು ಅಳತೆ, ಪುಟ್ಟ ಕುಡ್ತೆಯ ಹಾಗೆ, ಮರದ್ದೇ.
ಬೇಡ ಮಾರಾಯ, ಅಂದೆ.
ಆಟಿಯ ಮಳೆಗೆ ಮರ ಉಬ್ಬುತ್ತದೆ, ಸುಗ್ಗಿಗೆ ಒಣಗುತ್ತದೆ,
ನಿನ್ನ ಕಣ್ಣಿನ ಹತ್ತಿರ ಹಿಡಿಯುವ ವಸ್ತುವಿಗೆ
ನನ್ನ ಮರದ ಮನಸ್ಸು ನಂಬಬೇಡ.
ಹಿತ್ತಾಳೆಯದ್ದು ಉಂಟಲ್ಲ, ಅದರಲ್ಲೇ ಅಳೆ.
ನಿಲ್ಲಿಸಿ ಹಿಡಿಯುವುದು ಮರದ ಕೆಲಸ.

ಸಣ್ಣಗಾದ ಕುಳಿಯನ್ನು ಅರ ಹಾಕಿ ತಿದ್ದಬಹುದಿತ್ತು.
ತಿದ್ದಲಿಲ್ಲ. ಅದರಲ್ಲಿ ಒಂದು ಪೆನ್ಸಿಲು ಚುಚ್ಚಿ ಕೊಟ್ಟೆ,
ಹೊಡೆದದ್ದು, ತಪ್ಪಿದ್ದು,
ಎಲ್ಲ ಪುಸ್ತಕದಲ್ಲಿ ಬರೆಯಬೇಕಂತಲ್ಲ ಅವನಿಗೆ.

ದೀಪಾವಳಿ ಕಳೆದು ಬಂದ, ಮೂಲೆ ಒಡೆದಿದೆ ಅಂತ.
ಹಲಗೆಗೆ ಎಣ್ಣೆ ಕುಡಿದ ಬಣ್ಣ,
ಕುಳಿಗಳ ಬಾಯಿಗೆ ಕಪ್ಪು ಬಳೆ.
ಎಷ್ಟಾಯಿತು ಅಂತ ನಾನು ಕೇಳಲಿಲ್ಲ,
ಅವನೂ ಹೇಳಲಿಲ್ಲ;
ಗೆಣಸು ಈ ಸಲ ಉಳಿಯಿತು ಅಂದ, ಅಷ್ಟೆ.
ಮೂಲೆಗೆ ಬೆಣೆ ಹೊಡೆಯುತ್ತ ನೋಡಿದೆ:
ಪೆನ್ಸಿಲು ಹೆಬ್ಬೆರಳಿನಷ್ಟು ಉಳಿದಿತ್ತು.

ಮಗುಚಿ ತಟ್ಟಿದಾಗ
ಕುಳಿಯೊಂದರಿಂದ ಕೆಂಪು ಕಾಳೊಂದು ಉದುರಿತು.