ಲಾರಿಗೆ ಇಪ್ಪತ್ತು ಕಿಲೋ

ದಿಂಬೂಲಾ ಲೈಬ್ರರಿಯಲ್ಲಿ ಮಂಗಳವಾರ ಸಂಜೆ
ಕತೆ ಬರೆಯುವುದು ಕಲಿಸುತ್ತೇನೆ ನಾನು. ಐದೇ ಜನ.
ಫ್ಯಾನು ಸುತ್ತಿದರೆ ಕಾಗದ ಹಾರುತ್ತದೆ, ನಿಲ್ಲಿಸಿದರೆ ಜೀವ.

ಕ್ಲೆಮ್ ಯಾನೆಟ್ಸ್ಕಿ, ಎಪ್ಪತ್ತೊಂಬತ್ತು,
ರೈಲುಹಳಿ ಪಕ್ಕದ ಗೋಧಿ ಕಣಜದಲ್ಲಿ ಲಾರಿ ತೂಗುತ್ತಿದ್ದವನು,
ಕೈಬರಹದ ನಾಲ್ಕು ಪುಟ ತಂದು ಮೇಜಿನ ಮೇಲಿಟ್ಟ,
ಮೂಲೆಗೆ ಮೂಲೆ ಕೂಡಿಸಿ, ರಸೀದಿ ಇಟ್ಟ ಹಾಗೆ.

ಕತೆ ಇಷ್ಟು:
ಒಬ್ಬ ತೂಕದವನು. ಲಾರಿಗೆ ಇಪ್ಪತ್ತು ಕಿಲೋ ಮುರಿದುಕೊಂಡು
ಭಾವನ ಖಾತೆಗೆ ಬರೆದ. ಹತ್ತೊಂಬತ್ತು ಸುಗ್ಗಿ.
ಇಪ್ಪತ್ತು ಕಿಲೋ ಎಂದರೆ ಏನು ಮಹಾ,
ಲಾರಿ ತಿರುಗುವಾಗ ರಸ್ತೆಗೆ ಚೆಲ್ಲಿ
ಗುಲಾಬಿ ಎದೆಯ ಗಿಳಿಗಳು ಹೆಕ್ಕುವಷ್ಟು.
ಹೆಂಡತಿ ಸತ್ತ ವರ್ಷ ಲೆಕ್ಕ ಹಾಕಲು ಕೂತ,
ಹೆಸರು, ಲಾರಿ, ಇಸವಿ, ಆ ವರ್ಷದ ದರ.
ದೋಣಿ ಮಾರಿದ. ಲಕೋಟೆಗಳ ಮೇಲೆ ಹೆಸರು ಬರೆದ.
ಅರ್ಧ ಹೆಸರು ಸ್ಮಶಾನದವು.

ಮೊದಲನೆಯದು ಡಲ್ಸೀ ಕ್ರೌಚ್‌ಗೆ.
ಬಲೆಬಾಗಿಲಿನಾಚೆ ನಿಂತು ಪೂರ್ತಿ ಕೇಳಿದಳು.
ಆಮೇಲೆ ನಕ್ಕಳು, ನಕ್ಕು ನಕ್ಕು ಕಣ್ಣೊರೆಸಿಕೊಂಡಳು:
"ತುಂಬಿದ ಲಾರಿ ತೂಗುವಾಗ ನಮ್ಮ ರೆಜ್
ಮಗನನ್ನು ಸೀಟಿನಡಿ ಮಲಗಿಸುತ್ತಿದ್ದ, ಕ್ಲೆಮ್!
ಖಾಲಿ ಲಾರಿ ತೂಗುವ ಹೊತ್ತಿಗೆ
ಅವನು ಬೇಲಿ ಮೇಲೆ ಕೂತು ಐಸ್‌ಕ್ರೀಮ್ ತಿನ್ನುತ್ತಿದ್ದ.
ವರ್ಷವರ್ಷಕ್ಕೂ ದಪ್ಪವಾದ ಹುಡುಗ.
ಲೆಕ್ಕ ನೋಡಿದರೆ ನಾವೇ ನಿನಗೆ ಬಾಕಿ."

ಅಲ್ಲಿಂದ ಮುಂದೆ ಇನ್ನೂ ಒಂದೂವರೆ ಪುಟ ಇತ್ತು.
ಅಷ್ಟಕ್ಕೂ ಕೆಂಪು ಗೀಟು ಎಳೆದೆ.
ಪಕ್ಕದಲ್ಲಿ ಬರೆದೆ: ವ್ಯಂಗ್ಯ ಚೆನ್ನಾಗಿ ಕೂತಿದೆ,
ಆಕೆ ನಕ್ಕಲ್ಲಿಗೇ ಮುಗಿಸಿ.
ನನ್ನ ಖುಷಿಗೆ ಕನ್ನಡದಲ್ಲಿ ಇನ್ನೊಂದು ಸಾಲು:
ಇವನು ಚಾಪೆ ಕೆಳಗೆ ತೂರಿದರೆ, ಅವರು ರಂಗೋಲಿ ಕೆಳಗೆ.

ಮುಂದಿನ ಮಂಗಳವಾರ ಕಾಗದ ಹಿಡಿದು ಕೇಳಿದ,
ಈ ದುಂಡು ದುಂಡು ಅಕ್ಷರ ಏನು?
ಹೇಳಿದೆ. ರಂಗೋಲಿಯನ್ನು ಮೇಜಿನ ಧೂಳಲ್ಲಿ ಎಳೆದು ತೋರಿಸಿದೆ.
ಉಳಿದ ನಾಲ್ವರು ನಕ್ಕರು. ಕ್ಲೆಮ್ ನಗಲಿಲ್ಲ.

"ನೀವು ಹೇಳುವುದು ಸರಿ. ಕತೆ ಅಲ್ಲಿಗೆ ನಿಂತರೆ ಚೆಂದ.
ನಾನು ಮಾತ್ರ ಅಲ್ಲಿಂದ ಮನೆಗೆ ಗಾಡಿ ಓಡಿಸಬೇಕಿತ್ತು.
ಮೂವತ್ತೆರಡು ಕಿಲೋಮೀಟರು. ಬಡಗಣ ಗಾಳಿ, ಬಾಯೆಲ್ಲ ಮಣ್ಣು.
ಆಕೆ ಬೈದಿದ್ದರೆ ಇಳಿಸಿ ಬರುತ್ತಿದ್ದೆ.
ಅವರ ಕಳ್ಳತನ ನನ್ನದನ್ನು ತಿಂದುಹಾಕಲಿಲ್ಲ.
ಎರಡೂ ಕೂತಿದ್ದವು ಹಿಂದಿನ ಸೀಟಿನಲ್ಲಿ,
ಬೆಲ್ಟು ಹಾಕಿಕೊಂಡು."

ಸ್ವಲ್ಪ ಹೊತ್ತು ಬಿಟ್ಟು, ಕತೆಯಲ್ಲಿ ಇಲ್ಲದ್ದೊಂದು ಹೇಳಿದ:
"ಆ ಹುಡುಗನ ಐಸ್‌ಕ್ರೀಮಿಗೆ ಕಾಸು ಕೊಡುತ್ತಿದ್ದವನು ನಾನು.
ಆ ಕೆಲಸದಲ್ಲಿದ್ದಾಗ ಮಾಡಿದ ಒಳ್ಳೆಯದು
ಅದೊಂದೇ ಅಂದುಕೊಂಡಿದ್ದೆ."

ತಿಪಟೂರಿನಲ್ಲಿ ಅಪ್ಪನ ಅಂಗಡಿ.
ತಕ್ಕಡಿಯಲ್ಲಿ ಸಾಮಾನಿನ ತಟ್ಟೆಯಡಿ ಹುಣಸೆಹಣ್ಣು.
ಒಣಗಿದ್ದನ್ನು ಕೆರೆದು ವಾರಕ್ಕೊಮ್ಮೆ ಹೊಸದು ಮೆತ್ತುತ್ತಿದ್ದದ್ದು
ಈ ಬೆರಳು, ಈಗ ಕೆಂಪು ಪೆನ್ನು ಹಿಡಿದದ್ದು.
ಸಣ್ಣ ಬೆರಳು, ಚೆನ್ನಾಗಿ ಕೂರಿಸುತ್ತಾಳೆ ಎನ್ನುತ್ತಿದ್ದ ಅಪ್ಪ.
ಅದನ್ನು ಯಾವ ಕತೆಯಲ್ಲೂ ಬರೆದಿಲ್ಲ ನಾನು.

ಗೀಟಿನ ಮೇಲೆ ರಬ್ಬರು ಉಜ್ಜಿದೆ.
ಇಂಕು ಹರಡಿತು, ಹೋಗಲಿಲ್ಲ.

ಕ್ಲೆಮ್ ಜೇಬಿನಿಂದ ಇನ್ನೊಂದು ಲಕೋಟೆ ತೆಗೆದು
ವಿಳಾಸ ಓದಿಕೊಂಡ. ನಾಳೆ ಇವರ ಮನೆ,
ಬಿಸಿಲೇರುವ ಮುಂಚೆ ಹೊರಡಬೇಕು ಎಂದ.

ಎಷ್ಟು ಕಿಲೋಮೀಟರು, ಕೇಳಿದೆ.

"ಹೋಗುವುದೋ, ಬರುವುದೋ?"