ತಲೆಕೆಳಗು

ಐನಿಕಿ, ಅಲ್ಲೇ ನಿಂತು ಎಷ್ಟು ಹೊತ್ತು ಮೀನಮೇಷ ಎಣಿಸುತ್ತೀಯೆ?
ನಿನ್ನ ಬೂಟಿನಿಂದ ಕರಗಿದ ಹಿಮ
ಈಗಷ್ಟೇ ಒರೆಸಿದ ನೆಲದ ಮೇಲೆ
ಪುಟ್ಟ ಕೆರೆಯಾಗಿದೆ.
ಬಾಗಿಲು ತಟ್ಟಲೆಂದು ಎತ್ತಿದ ಕೈ
ಮೂರು ಸಲ ಕೂದಲು ಸರಿಮಾಡಿಕೊಂಡು ಇಳಿಯಿತು,
ನೋಡಿದೆ.

ತಾರ್ತುವಿನ ಈ ಎರಡನೇ ಮಹಡಿಯಲ್ಲಿ
ಇಪ್ಪತ್ತಾರು ವರ್ಷದಿಂದ ಗಾಜಿನ ಬಟ್ಟಲು ತೊಳೆಯುತ್ತೇನೆ,
ಜೌಗುಮಣ್ಣಿನ ಕೊಳವೆಗಳಿಗೆ ಚೀಟಿ ಅಂಟಿಸುತ್ತೇನೆ,
ಬೇರಾರೂ ಒರೆಸದ ನೆಲವನ್ನೂ ಒರೆಸುತ್ತೇನೆ.
ಈ ಬಾಗಿಲ ಮುಂದೆ ನಿಂತವರ ಬೆನ್ನು ನೋಡಿಯೇ ಹೇಳಬಲ್ಲೆ
ಯಾರು ತಟ್ಟುತ್ತಾರೆ,
ಯಾರು ಫೋನು ಬಂದಂತೆ ನಟಿಸಿ
ಮೆಟ್ಟಿಲಿಳಿಯುತ್ತಾರೆ ಅಂತ.

ಒಂದು ತಪ್ಪೊಪ್ಪಿಗೆ.
ನಿನ್ನ ಮೇಲ್ ಓದಿದೆ.
ಕದ್ದಲ್ಲ, ಕಾಸಿಕ್ ಅವರು ಪ್ರಿಂಟ್ ಕೊಟ್ಟು ಮರೆತಿದ್ದರು.
ಎರಡು ಹಾಳೆ, ಪ್ರಿಂಟರಿನ ನಾಲಿಗೆಯ ಮೇಲೆ
ಇನ್ನೂ ಬೆಚ್ಚಗಿದ್ದವು.
ಮೊದಲು ಕ್ಷಮೆ. ಆಮೇಲೆ ಜ್ವರ.
ಆಮೇಲೆ ಪ್ಯಾರ್ನುವಿನ ಬಸ್ಸು, ಅಜ್ಜಿಯ ಕಣ್ಣಿನ ಆಪರೇಷನ್,
'ತಮ್ಮ ಅಮೂಲ್ಯ ಸಮಯ' ನಾಲ್ಕು ಸಲ,
ಮತ್ತೆ ಕ್ಷಮೆ.
ಕಟ್ಟಕಡೆಗೆ, ಸಹಿಗೂ ಕೆಳಗೆ,
ಮರೆತದ್ದು ನೆನಪಾದ ಹಾಗೆ:
'ಇನ್ನೂರು ಸೆಂಟಿಮೀಟರ್ ಆಳದ ಇದ್ದಿಲು
ಮುನ್ನೂರರದ್ದಕ್ಕಿಂತ ಹಳೆಯದೆಂದು ಬಂದಿದೆ.
ನಾನು ಕೊಳವೆಯನ್ನು ತಲೆಕೆಳಗು ಹಿಡಿದೆನೇ?'

ಹುಡುಗಿ,
ಕೊಳವೆಯ ವಿಷಯ ನನಗೆ ತಿಳಿಯದು.
ಕಾಗದವನ್ನಂತೂ ತಲೆಕೆಳಗೇ ಹಿಡಿದಿದ್ದೀಯೆ.
ಅವರು ಜ್ವರದವರೆಗೆ ಓದಿದರು,
'ಸರಿ. ಗುಣವಾಗಲಿ' ಎಂದು ಬರೆದರು,
ಒಂದೇ ಬೆರಳಲ್ಲಿ, ಅಕ್ಷರ ಹುಡುಕಿ ಹುಡುಕಿ.
ಆ 'ಸರಿ'ಯನ್ನು ಹಿಡಿದುಕೊಂಡು
ನೀನು ಮೂರು ದಿನ ಅಳುತ್ತಿದ್ದೆಯಂತೆ, ಕೆರ್ಟು ಹೇಳಿದಳು.
ಅವರ ಸರಿ ಅಂದರೆ ಸರಿ.
ಅಗೆದರೆ ಕೆಳಗೆ ಇನ್ನೊಂದು ಪದರ ಸಿಗುವುದಿಲ್ಲ.

ಒಳಗೆ ಹೋದಮೇಲೆ ಅವರ ಬಲಕ್ಕೆ ಕೂರು.
ಎಡಗಿವಿ ಕೇಳದು, ಹೇಳಿಕೊಳ್ಳಲು ಅವರಿಗೆ ಅಭಿಮಾನ.
ಎಡಕ್ಕೆ ಕೂತವರೆಲ್ಲ ಹೊರಬಂದು
ಬಂಡೆಯ ಜೊತೆ ಮಾತಾಡಿದ ಹಾಗಾಯಿತು ಅನ್ನುತ್ತಾರೆ.
'ನೀವು' ಅನ್ನು.
ಕಿರಿಯ ಮೇಷ್ಟರುಗಳಿಗೆ 'ನೀನು' ನಡೆಯುತ್ತದೆ, ಗೊತ್ತು.
ಇವರು ತಾವಾಗಿ ಹೇಳಿದಾಗ ಅನ್ನುವೆಯಂತೆ.
ನನಗೆ ಹೇಳಲು ಹನ್ನೊಂದು ವರ್ಷ ಹಿಡಿಯಿತು,
ಅದೂ ಜೌಗಿನಲ್ಲಿ ಸೊಂಟದವರೆಗೆ ಹೂತು
ನನ್ನ ಕೈ ಹಿಡಿದು ನೇತಾಡುತ್ತಿದ್ದಾಗ.
ಆದರೂ ಇನ್ನೂ ಬಾಯಿಗೆ ಬಾರದು ಆ ಮಾತು.

ಮಾತಿನ ಮಧ್ಯೆ ಕಿಟಕಿಯತ್ತ ತಿರುಗಿದರೆ
ಬೇಸರವೆಂದುಕೊಂಡು ಎದ್ದು ಬಂದುಬಿಡಬೇಡ.
ಎಮಾಯೊಗಿ ನದಿಯ ಮೇಲೆ ಮಂಜುಗಡ್ಡೆ ಬಿರಿಯುತ್ತಿದೆ,
ಅವರು ನೋಡುವುದು ಅದನ್ನಲ್ಲ, ನೀನು ಕೇಳಿದ್ದನ್ನು.
ಆ ಮೌನಕ್ಕೆ ಅಜ್ಜಿಯ ಕಣ್ಣನ್ನು ತುರುಕಬೇಡ.
ಹಾಗೇ ಬಿಡು.

ತಗೋ ನಿನ್ನ ಕೊಳವೆ,
ಫ್ರಿಜ್ಜಿನಿಂದ ಆಗಲೇ ತೆಗೆದಿಟ್ಟೆ.
ಕೈಯಲ್ಲಿ ಮಣ್ಣಿದ್ದರೆ ಪೀಠಿಕೆ ಬೇಕಾಗುವುದಿಲ್ಲ.

ತಟ್ಟಿದಳು.

ಗೋಡೆ ತೆಳು.
'ಕ್ಷಮಿಸಿ' ಎಂದದ್ದು ಕೇಳಿತು. ಹುಟ್ಟುಗುಣ, ಬಿಡುತ್ತದೆಯೇ?
ಆಮೇಲೆ ಇನ್ನೂರು, ಮುನ್ನೂರು, ಇದ್ದಿಲು.
ಆಮೇಲೆ ಬಹಳ ಹೊತ್ತು ಏನೂ ಇಲ್ಲ;
ನಾನು ಕೆರೆಯನ್ನು ಒರೆಸಿ, ಬಟ್ಟೆ ಹಿಂಡಿ,
ಮತ್ತೊಮ್ಮೆ ಒರೆಸಿದೆ.
ಆಮೇಲೆ ಅವರ ದನಿ, ಮೆಲ್ಲಗೆ:
'ನೀವು ಸರಿಯಾಗಿಯೇ ಹಿಡಿದಿದ್ದೀರಿ.
ಈ ಹಳದಿ ಚೀಟಿ, ಮೇಲೆ ಕೆಳಗೆ ಅಂತ ಬರೆದದ್ದು,
ಅಂಟಿಸಿದವರು ಯಾರು?'

ಬಕೆಟ್ಟು ಕೆಳಗಿಟ್ಟೆ.
ಏನೇನೋ ನೆನಪಾಯಿತು: ಅವತ್ತಿನ ಕರೆಂಟು,
ಸೊಂಟನೋವು, ಕನ್ನಡಕ.
ಬಾಗಿಲ ಮುಂದೆ ನಿಂತೆ.
ತಟ್ಟಲೆಂದು ಎತ್ತಿದ ಕೈ
ತಾನಾಗಿ
ಕೂದಲಿಗೆ ಹೋಯಿತು.